ಮೇಲಿನ ಹಾಯಿ

ನಮ್ಮಣ್ಣ ಜೆರೋಲಮೊನನ್ನು ಊರೆಲ್ಲ ಮೋಮೊ ಎಂದೇ ಕರೆಯುತ್ತಿತ್ತು. ಹಡಗಿನ ಕಂಬದಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವನಿಗೆ ಸಮುದ್ರಯಾನ ತಪ್ಪಿತು. ಸಮುದ್ರದ ಚಿತ್ರ ಬರೆಯತೊಡಗಿದ. ಬೇಸಿಗೆಯಲ್ಲಿ ಜೆನೋವಾದಿಂದ ಬರುವ ಚಿತ್ರಕಾರರು ಬಂಡೆಯ ಮೇಲೆ ಕೊಡೆ ಬಿಚ್ಚಿ ಕೂತು ಸೂರ್ಯಾಸ್ತ ಬರೆದುಕೊಂಡು ಹೋಗುತ್ತಿದ್ದರು. ಇವನು ಅಡುಗೆಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವವನು.

"ಸಮುದ್ರ ಬರೆಯೋನು ಒಂದ್ಸಲನಾದ್ರೂ ತಿರುಗಿ ನೋಡಬಾರದೇನೋ?" ಎಂದು ನಾನು ಕೆಣಕುತ್ತಿದ್ದೆ.

"ಇಲ್ಲಿಂದ ಕಾಣೋದು ಬರೀ ನೀರು ಕಣೇ ಬಿಯಾ. ಸಮುದ್ರ ಕಂಡೋರು ತಾವಾಗೇ ಮನೆಗೆ ಬರ್ತಾರೆ, ಸುಮ್ನಿರು."

ಬರುತ್ತಿದ್ದರು. ಬಿರುಗಾಳಿಯಿಂದ ಬದುಕಿ ಬಂದವರು ಬಂದರಿನ ಇಗರ್ಜಿಗೆ ಹರಕೆಯ ಚಿತ್ರ ಒಪ್ಪಿಸುವುದು ನಮ್ಮಲ್ಲಿ ನಡೆದುಬಂದದ್ದು. ನಡುವೆ ಹಡಗು, ಸುತ್ತ ಅಲೆ, ಮೂಲೆಯ ಮೋಡದ ಮೇಲೆ ಮಡೊನ್ನಾ, ನಮ್ಮ ಮೇರಿಮಾತೆ. ಮೋಮೊ ಹಡಗಿನವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿಕೊಂಡು, ಗಾಳಿ ಎತ್ತಲಿಂದ ಬಂತು, ಯಾವ ಹಾಯಿ ಬಿಚ್ಚಿತ್ತು, ಯಾರು ಎಲ್ಲಿ ನಿಂತಿದ್ದರು ಎಂದು ಕೇಳುತ್ತಿದ್ದ. ಕೇಳದೆ ಕುಂಚ ಮುಟ್ಟುತ್ತಿರಲಿಲ್ಲ. ನಮ್ಮೂರಲ್ಲಿ ಅಕ್ಷರ ಬಾರದ ಮುದುಕಿಗೂ ಹಾಯಿ ಓದಲು ಬರುತ್ತದೆ.

ಆ ಚಳಿಗಾಲ ಕಪ್ತಾನ ರಜೇತೊ ಅವರ 'ಸಾಂತಾ ಜೀತಾ' ಹಡಗು ಬಿರುಗಾಳಿಗೆ ಸಿಕ್ಕಿ ಜಖಂ ಆಗಿ ಬಂದರಿಗೆ ಮರಳಿತು. ಒಬ್ಬ ಬರಲಿಲ್ಲ. ಮೀನಿಗೆ ಉಪ್ಪು ಹಾಕಿ ಬದುಕುವ ಕತೈನಿನ್‌ಳ ಮಗ ನಿಕ್ಕೊ. ಹೆಣ ಸಿಗಲಿಲ್ಲ, ಗೋರಿ ಇಲ್ಲ. ಕತೈನಿನ್ ನಮ್ಮ ಹೊಸ್ತಿಲಲ್ಲಿ ನಿಂತು, "ಮೋಮೊ, ಅವನು ಇದ್ದ ಅನ್ನೋದಕ್ಕೆ ಎಲ್ಲಾದ್ರೂ ಒಂದು ಗುರುತು ಬೇಕಪ್ಪ" ಎಂದಳು.

ಕಪ್ತಾನರು ಹರಕೆಯ ಚಿತ್ರ ಬರೆದುಕೊಡಲು ಹೇಳಿದರು. ಮೋಮೊ ಎಂದಿನಂತೆ ಎಲ್ಲರನ್ನೂ ಕರೆದು ಕೇಳಿದ. ಎಲ್ಲರೂ ಹೇಳಿದ್ದು ಒಂದೇ: ಬೇಗ ಊರು ಸೇರುವ ಆಸೆಗೆ ಕಪ್ತಾನರು ಮೇಲಿನ ಹಾಯಿ ಮಡಿಸಗೊಡಲಿಲ್ಲ, ಗಾಳಿ ಬಡಿದು ಹಡಗು ಮಗ್ಗುಲಾಯಿತು, ಆಗ ನಿಕ್ಕೊನನ್ನು ಮೇಲೆ ಹತ್ತಿಸಿದರು. ಅವನು ಹಗ್ಗ ಕತ್ತರಿಸಿದ. ಹಾಯಿ ಹಾರಿಹೋಯಿತು, ಹಡಗು ಎದ್ದು ನಿಂತಿತು, ಹುಡುಗ ಬಿದ್ದ.

ಮೋಮೊ ಅದನ್ನೇ ಬರೆದ. ಬಿಚ್ಚಿದ ಹಾಯಿ, ಕಂಬದ ತುದಿಯಲ್ಲಿ ಚಾಕು ಹಿಡಿದ ನಿಕ್ಕೊ. ಮಡೊನ್ನಾ ಎಲ್ಲ ಚಿತ್ರಗಳಲ್ಲಿಯೂ ಹಡಗನ್ನು ನೋಡುವವಳು. ಇಲ್ಲಿ ಅವಳ ಕಣ್ಣು ಹುಡುಗನ ಮೇಲಿತ್ತು.

ನೋಡಲು ಬಂದ ಕಪ್ತಾನರ ಮುಖ ಕಪ್ಪಿಟ್ಟಿತು. "ಹಾಯಿ ಮಡಿಸು. ಅವನನ್ನ ಅಳಿಸು. ಹರಕೆ ಚಿತ್ರ ಉಳಿದವರದ್ದು, ಸತ್ತವರದ್ದಲ್ಲ."

"ನೀವು ಉಳಿದದ್ದು ಯಾರಿಂದ ಕಪ್ತಾನರೇ?"

"ಮಡೊನ್ನಾಳಿಂದ."

"ಅವಳ ಕೈಯಲ್ಲಿ ಚಾಕು ಇರಲಿಲ್ಲವಲ್ಲ."

"ಇನ್ನು ಈ ಬಂದರಿನ ಒಬ್ಬ ಕಪ್ತಾನನೂ ನಿನ್ನ ಬಾಗಿಲು ತುಳಿಯಲ್ಲ, ಕುಂಟ."

"ಹೊಸ್ತಿಲು ಸವೆಯೋದು ಉಳೀತು" ಎಂದ ಮೋಮೊ, ಕುಂಚ ತೊಳೆಯುತ್ತ.

ಕಪ್ತಾನರು ಜೆನೋವಾದವನೊಬ್ಬನಿಂದ ಬೇರೆ ಚಿತ್ರ ಬರೆಸಿದರು. ಹಾಯಿ ನೀಟಾಗಿ ಮಡಿಸಿತ್ತು, ಕಂಬ ಖಾಲಿ. ಅಲೆಗಳೋ, ಬಾಚಿ ಜಡೆ ಹಾಕಿದ ಹಾಗೆ. ಅದನ್ನು ಒಪ್ಪಿಸುವ ಭಾನುವಾರ ಮೋಮೊ ತನ್ನ ಚಿತ್ರವನ್ನು ಹಳೆಯ ಹಾಯಿಬಟ್ಟೆಯಲ್ಲಿ ಸುತ್ತಿ ಕತೈನಿನ್‌ಳ ತೋಳಿಗಿಟ್ಟ. "ಇದು ನಿಂದು. ಎಲ್ಲಿ ತೂಗುಹಾಕಬೇಕೋ ನೀನೇ ನೋಡು."

ಪೂಜೆ ಮುಗಿದು ಕಪ್ತಾನರ ಚಿತ್ರ ಗೋಡೆ ಸೇರಿತು. ಪಾದ್ರಿ ಗೋಡೆಯಿಂದ ಇತ್ತ ತಿರುಗುವಷ್ಟರಲ್ಲಿ ಟಕ್, ಟಕ್ ಎಂಬ ಸದ್ದು. ಬರಿಗಾಲಿನ ಕತೈನಿನ್ ಬೆಂಚಿನ ಮೇಲೆ ನಿಂತು, ಕಾಲಿಂದ ಕಳಚಿದ ತನ್ನ ಮರದ ಚಡಾವಿನಿಂದ ಮೊಳೆ ಹೊಡೆಯುತ್ತಿದ್ದಳು. ಚಿತ್ರ ತೂಗುಹಾಕಿದಳು, ಅದೂ ಕಪ್ತಾನರ ಚಿತ್ರದ ಪಕ್ಕದಲ್ಲಿಯೇ. ಜನ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಓದಿಕೊಂಡರು. 'ಸಾಂತಾ ಜೀತಾ'ದ ನಾವಿಕರು ಒಬ್ಬೊಬ್ಬರಾಗಿ ಎದ್ದು ಬಂದು ಮೋಮೊ ಬರೆದ ಚಿತ್ರದ ಕೆಳಗೆ ನಿಂತರು. ನಮ್ಮಣ್ಣ ಬಾಗಿಲ ಬಳಿ ಕೋಲೂರಿ ನಿಂತಿದ್ದ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇಳಿಸು ಅದನ್ನ" ಎಂದರು ಕಪ್ತಾನರು.

ಕತೈನಿನ್ ಬೆಂಚಿನಿಂದಲೇ ಅವರ ಕಡೆ ತಿರುಗಿದಳು. ಚಡಾವು ಇನ್ನೂ ಕೈಯಲ್ಲಿತ್ತು.

"ನನ್ನ ಮಗನನ್ನ ಮೇಲೆ ಹತ್ತಿಸಿದ್ದು ನೀವು. ಇನ್ನು ಅವನು ಇಳಿಯಲ್ಲ."

ಪಾದ್ರಿ ಮೇಣದಬತ್ತಿ ಆರಿಸಲು ಹೋದರು. ಅಂದಿನಿಂದ ಬಂದರಿನ ಕಪ್ತಾನರೆಲ್ಲ ನಮ್ಮ ಮನೆ ಕಡೆ ಬರುವುದನ್ನು ಬಿಟ್ಟರು. ಮೋಮೊ ಅಂದಕ್ಕೆಂದು ಮನೆಗಳ ಗೋಡೆಗೆ ಬಣ್ಣದ ಸುಳ್ಳು ಕಿಟಕಿ ಬರೆದು ಸಾಯುವತನಕ ಹೊಟ್ಟೆ ಹೊರೆದ. ಚಿತ್ರ ಮಾತ್ರ ಅಲ್ಲಿಯೇ ಇದೆ, ಚಡಾವಿನಲ್ಲಿ ಹೊಡೆದ ಆ ಸೊಟ್ಟ ಮೊಳೆಯ ಮೇಲೆ.