ಬುಟ್ಟಿಯ ಅಡಿಯ ಮೀನು

ಮಗಳು ಮನೆ ಖಾಲಿ ಮಾಡುತ್ತಿದ್ದಾಳೆ. ಮೊನ್ನೆ ಅಡುಗೆಮನೆಯ ಮೇಲಿನ ಕಪಾಟಿನ ಮೂಲೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮೂಗು ಮುಚ್ಚಿಕೊಂಡು ನನ್ನ ಮುಂದೆ ಹಿಡಿದಳು. “ಅಮ್ಮ, ಏನಿದು, ಕಟ್ಟಿಗೆ ತುಂಡಾ? ಬಿಸಾಕ್ಲಾ?”

ಕಟ್ಟಿಗೆಯಲ್ಲ, ಕೇದರ, ಅಂದರೆ ಟ್ಯೂನಾ ಮೀನು. ಬೇಯಿಸಿ, ಹೊಗೆ ಹಿಡಿಸಿ, ಬಿಸಿಲಲ್ಲಿ ಒಣಗಿಸಿ ಕಲ್ಲಿನಂತೆ ಮಾಡಿದ್ದು. ಬಣ್ಣ ಕಪ್ಪಾಗಿತ್ತು. ವಾಸನೆ ಮಾತ್ರ ಹಾಗೇ ಇತ್ತು... ಮೊದಲು ಹೊಗೆ, ಆಮೇಲೆ ಉಪ್ಪು, ಅದರ ಹಿಂದೆ ಬಿಸಿ ಮರಳು. ಆ ವಾಸನೆ ಮೂಗಿಗೆ ಬಡಿದದ್ದೇ ಎದುರು ಮನೆಯವಳು ನೆನಪಾದಳು.

ನಾನು ಗಂಗೊಳ್ಳಿ ಕಡೆಯವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಅಲ್ಲಿ ಕೆಲವು ವರ್ಷ ಇದ್ದು ಒಂದಿಷ್ಟು ಹಿಂದಿ ಕಲಿತೆ. ಅವರು ತೀರಿಕೊಂಡ ಮೇಲೆ ಊರಿಗೆ ಬಂದು ಬಂದರಿನಲ್ಲಿ ಮೀನು ಮಾರಿದೆ. ಮಗಳು ಓದಿ, ಡೆನ್ಮಾರ್ಕಿನ ಪಕ್ಕದ ಈ ಚಳಿದೇಶಕ್ಕೆ, ಕಿಸ್ಟಾದ ಕಂಪನಿಗೆ ಬಂದಳು, ಅಳಿಯನಿಗೆ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಕೆಲಸ. ಎರಡು ಸಾವಿರದ ನಂತರದ ಮೊದಲ ದಶಕ ಮುಗಿಯುತ್ತಿದ್ದಾಗ ಅವರಿಗೆ ಮಗು ಹುಟ್ಟಿತು. ಅದು ಡಾಗಿಸ್ ಎಂಬ ಇಲ್ಲಿಯ ಶಿಶುವಿಹಾರಕ್ಕೆ ಹೋಗುವಷ್ಟು ದೊಡ್ಡದಾಗುವವರೆಗೆ ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಹೀಗೆ ನಾನು ಸುಂಡ್‌ಬೀಬರ್ಯ್‌ನ ಈ ಬಾಡಿಗೆ ಫ್ಲ್ಯಾಟಿಗೆ ಬಂದು ಬಿದ್ದೆ, ಆಮೇಲೆ ಇಲ್ಲೇ ಉಳಿದುಬಿಟ್ಟೆ.

ಬಂದ ಹೊಸತರಲ್ಲಿ ಒಂದು ದಿನ ಬಂಗುಡೆ ಹುರಿಯುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ವಾಸನೆಗೆ ಬೈಯಲು ಬಂದಿರಬೇಕೆಂದು ಸೌಟು ಹಿಡಿದೇ ಬಾಗಿಲು ತೆರೆದೆ. ಎದುರು ಮನೆಯ, ಕಪ್ಪಗಿನ, ಗುಂಗುರು ಕೂದಲಿನ ಒಂದು ಹೆಣ್ಣು, ಮೂವತ್ತು ದಾಟಿರಬಹುದು. “ಒಂದು ತುಂಡು ಸಿಗಬಹುದಾ?” ಎಂದು ಹಿಂದಿಯಲ್ಲಿ ಕೇಳಿದಳು. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ, ನನ್ನದಕ್ಕಿಂತ ಚೆನ್ನಾಗಿತ್ತು. ಎರಡು ತುಂಡು ಕೊಟ್ಟೆ. ಅಲ್ಲೇ ಹೊಸ್ತಿಲಲ್ಲಿ ನಿಂತು ಮುಳ್ಳು ಬಿಡಿಸಿ ತಿಂದಳು. ಮುಳ್ಳು ಬಿಡಿಸುವ ಕೈ ನೋಡಿದರೆ ಗೊತ್ತಾಗುತ್ತದೆ, ಕಡಲ ಮಕ್ಕಳು ಯಾರು ಎಂದು.

ಅವಳದು ಒಂದು ದ್ವೀಪ ದೇಶ. ನಮ್ಮ ಕಡಲೇ ಮುಂದುವರಿದು ಅವಳ ಕಡಲಾಗುತ್ತದೆ. ದೇಶದ ಹೆಸರು ಬರೆಯುವುದಿಲ್ಲ, ಅವಳದು ಸರ್ಕಾರದ ಕೆಲಸಕ್ಕೆ ಸೇರಿದ ವಿಷಯ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಜೊತೆಗೆ ಜಗತ್ತು ಬಿಸಿಯಾಗುತ್ತಿದೆ ಎಂದು ದೇಶಗಳೆಲ್ಲ ಸೇರಿ ಮಾತಾಡುವ ಸಭೆಗಳಿಗೆ ತನ್ನ ದೇಶದ ಪರವಾಗಿ ಹೋಗುತ್ತಿದ್ದಳು. ಮಗಳು ನನ್ನನ್ನು ಅಮ್ಮ ಎನ್ನುವುದು ಕೇಳಿ ಅವಳೂ ಅಮ್ಮ ಎನ್ನಲು ಶುರುಮಾಡಿದಳು. ನಾನೇನೂ ಬೇಡ ಎನ್ನಲಿಲ್ಲ.

ಆ ಬೇಸಿಗೆಯಲ್ಲಿ ನಾವಿಬ್ಬರೂ ಸೇರಿ ಒಂದು ಕೆಲಸ ಮಾಡಿದೆವು. ಬಂಗುಡೆ ಅಗ್ಗಕ್ಕೆ ಸಿಕ್ಕಿತ್ತು, ಸೀಳಿ ಉಪ್ಪು ಹಾಕಿದೆವು. ಬಾಲ್ಕನಿಯಲ್ಲಿ ಒಣಗಲು ಇಟ್ಟರೆ ಕಡಲಹಕ್ಕಿಗಳು ಬಿಡಲಿಲ್ಲ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ, ಅದರಲ್ಲಿ ಬಟ್ಟೆ ತೂಗುಹಾಕಿ ಒಣಗಿಸುವ ಬಿಸಿಗಾಳಿಯ ಬೀರು. “ಬಿಸಿಲಿಗಿಂತ ಚೆನ್ನಾಗಿ ಒಣಗುತ್ತೆ ಅಮ್ಮ” ಎಂದಳು ಅವಳು. ಒಣಗಿತು, ಸುಳ್ಳು ಹೇಳಬಾರದು. ಆದರೆ ನಮ್ಮ ನಂತರ ಆ ಬೀರುವಿನಲ್ಲಿ ಕೆಳಗಿನ ಮನೆಯ ಮುದುಕನ ಹಾಸಿಗೆ ಬಟ್ಟೆ ತೂಗಿದವು...

ಮರುದಿನ ಕೋಣೆಯ ಗೋಡೆಗೆ ಒಂದು ಚೀಟಿ. ಇಲ್ಲಿಯವರು ಮುಖಕ್ಕೆ ಬೈಯುವುದಿಲ್ಲ, ಗೋಡೆಗೆ ಬೈಯುತ್ತಾರೆ. ಮಗಳು ಓದಿ ಬೆವರಿದಳು. “ಅಮ್ಮ, ಇದು ಇನ್ನೊಬ್ರ ಹೆಸರಲ್ಲಿರೋ ಮನೆ. ಕಂಪ್ಲೇಂಟ್ ಹೋದ್ರೆ ನಮ್ಮನ್ನ ಎಬ್ಬಿಸ್ತಾರೆ. ದಯವಿಟ್ಟು ಸುಮ್ನಿರು.” ಸುಮ್ಮನಿರುವುದೇ ಸರಿ ಎಂದು ನನಗೂ ಅನಿಸಿತು. ಯಾರು ನೋಡಿದ್ದಾರೆ?

ಎದುರು ಮನೆಯವಳು ಮಾತ್ರ ಮೊದಲು ವಿನಿಗರ್ ಹಾಕಿ ಬೀರುವನ್ನು ತಿಕ್ಕಿ ತೊಳೆದಳು, ಆಮೇಲೆ ಆ ಚೀಟಿಯ ಕೆಳಗೇ ತನ್ನ ಹೆಸರು, ಬಾಗಿಲ ನಂಬರು ಬರೆದಳು. ಮೀನು ನಮ್ಮದು, ಕ್ಷಮಿಸಿ, ಹಾಸಿಗೆ ಬಟ್ಟೆ ನಾವೇ ಒಗೆದು ಕೊಡುತ್ತೇವೆ. ಅಷ್ಟಕ್ಕೇ ಬಿಡಲಿಲ್ಲ. ಒಣಗಿಸುವ ಯಂತ್ರದ ಜಾಲರಿಯಲ್ಲಿ ಪ್ರತಿವಾರ ಬಟ್ಟೆಯ ನಾರು ಬಿಟ್ಟು ಹೋಗುವವರು ಯಾರೋ ಅವರೂ ಹೀಗೇ ಹೆಸರು ಬರೆಯಲಿ ಎಂದು ಒಂದು ಸಾಲು ಸೇರಿಸಿದಳು. ಯಾರೂ ಬರೆಯಲಿಲ್ಲ. ಆದರೆ ಆಮೇಲೆ ಜಾಲರಿಯಲ್ಲಿ ನಾರು ಕಾಣಲಿಲ್ಲ. ಮುದುಕ ಮೆಟ್ಟಿಲಲ್ಲಿ ಸಿಕ್ಕರೆ ನನಗೂ ತಲೆಯಾಡಿಸತೊಡಗಿದ.

ಚಳಿ ಶುರುವಾಗುವ ಹೊತ್ತಿಗೆ ಅವಳು ಸೊರಗಿದಳು. ಮಗು ಮಲಗಿದಾಗ ನಮ್ಮ ಅಡುಗೆಮನೆಗೆ ಬಂದು, ಮೇಜಿನ ತುಂಬ ಕಾಗದ ಹರಡಿಕೊಂಡು ಕೂರುತ್ತಿದ್ದಳು. ಎಂತ ಅದು ಎಂದು ಕೇಳಿದೆ. ಹೇಳಿದಳು. ಪ್ರತಿ ದೇಶವೂ ತಾನು ಗಾಳಿಗೆ ಬಿಡುವ ಹೊಗೆ ಎಷ್ಟು, ಅದನ್ನು ಕಡಿಮೆ ಮಾಡಲು ಏನು ಮಾಡಿದೆ ಎಂದು ವರದಿ ಬರೆದು ಎಲ್ಲರ ಮುಂದೆ ಇಡಬೇಕು. ಶ್ರೀಮಂತ ದೇಶಗಳಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು, ಇವರಂಥ ತೀರಾ ಸಣ್ಣವರಿಗೆ ನಿಮಗೆ ಆದಾಗ ಕೊಡಿ ಎಂಬ ರಿಯಾಯಿತಿ. ಇವಳ ದೇಶದಲ್ಲಿ ಆ ಕೆಲಸಕ್ಕೆ ಇದ್ದದ್ದು ಇವಳು, ಮತ್ತು ಅಲ್ಲಿಯ ಕಚೇರಿಯಲ್ಲಿ ಒಬ್ಬ. ಆ ಒಬ್ಬನಿಗೇ ಕಸದ ಇಲಾಖೆಯೂ ಸೇರಿತ್ತು. ಯಾವ ದ್ವೀಪದಲ್ಲಿ ಜನರೇಟರಿಗೆ ಎಷ್ಟು ಡೀಸೆಲ್ ಸುಟ್ಟರು, ಬೋಟುಗಳಿಗೆ ಎಷ್ಟು ಹೋಯಿತು ಎಂದು ಇವಳು ಫೋನು ಮಾಡಿ ಕೇಳಿದರೆ ಆ ಕಡೆಯವರು ನಗುತ್ತಿದ್ದರಂತೆ.

ಡಿಸೆಂಬರಿನಲ್ಲಿ ಡೆನ್ಮಾರ್ಕಿನಲ್ಲಿ ದೊಡ್ಡ ಸಭೆ. ಅದಕ್ಕೆ ಮೊದಲು ವರದಿ ಮುಗಿಸಿ ಮೇಜಿನ ಮೇಲೆ ಇಡಬೇಕೆಂಬುದು ಅವಳ ಹಟ. ಅದೇ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದಲ್ಲಿ ಅವಳ ಓದಿನ ಪರಿಶೀಲನೆ. ಒಮ್ಮೆ ಮುಂದೂಡಿಸಿಕೊಂಡಾಗಿತ್ತು, ಇನ್ನೊಮ್ಮೆ ತಪ್ಪಿದರೆ ಓದಿಸುತ್ತಿದ್ದ ಹಣ ನಿಲ್ಲುತ್ತದೆ, ಹಣ ನಿಂತರೆ ಇಲ್ಲಿರುವ ಪರವಾನಗಿಯೂ ಹೋಗುತ್ತದೆ. ಅವಳ ತಾಯಿ, ಮಗಳು ಡಾಕ್ಟರಾಗುತ್ತಾಳೆ ಎಂದು ದ್ವೀಪಕ್ಕೆಲ್ಲ ಹೇಳಿಯಾಗಿತ್ತು. ಆ ತಾಯಿಯ ಮನೆಯ ಬಾವಿ ಉಪ್ಪಾಗಿ, ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು.

ಅವಳ ದೇಶದ ದೊಡ್ಡ ಅಧಿಕಾರಿ ಫೋನು ಮಾಡಿದ್ದು ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾಗಲೇ. ಭಾಷೆ ತಿಳಿಯದಿದ್ದರೂ ದನಿ ತಿಳಿಯುತ್ತದೆ. ಆತ ಒಳ್ಳೆಯ ಮಾತಿನಲ್ಲೇ ಹೇಳುತ್ತಿದ್ದ. ಫೋನಿಟ್ಟು ಅವಳು ವಿವರಿಸಿದಳು: ವರದಿ ಬಿಡು, ನಮಗೆ ರಿಯಾಯಿತಿ ಇದೆ, ಅಷ್ಟು ಜನ ನಮ್ಮಲ್ಲಿಲ್ಲ, ನೀನು ನಿನ್ನ ಓದು ನೋಡಿಕೋ.

“ಸರಿಯಾಗಿಯೇ ಹೇಳಿದ್ದಾನೆ ಅವ” ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ನಮ್ಮ ಬಂದರಿನ ಕತೆ ಹೇಳಿದೆ. ಬೆಳಿಗ್ಗೆ ಏಲಂ ನಡೆಯುತ್ತದೆ. ಸಣ್ಣ ದೋಣಿಯವ ಒಂದು ಹಿಡಿ ಮೀನು ತಂದರೆ ಅವನ ಬುಟ್ಟಿಯನ್ನು ಕವುಚಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಅವನ ಹತ್ತಿರ ಬಚ್ಚಿಡಲು ಎಂತ ಇದೆ? ದೊಡ್ಡ ಬೋಟಿನ ಧಣಿಯ ಬುಟ್ಟಿಯನ್ನೂ ಯಾರೂ ಕವುಚಿಸುವುದಿಲ್ಲ. ಕೇಳಿದರೆ ಅವನಿಗೆ ಅವಮಾನ, ನಾಳೆಯಿಂದ ನಮಗೆ ಮೀನಿಲ್ಲ. ಮೇಲಿನ ಮೀನು ನೋಡಿ ಬೆಲೆ ಕೂಗಬೇಕು, ಅಷ್ಟೇ. “ನೀನು ಸಣ್ಣ ದೋಣಿಯವಳು. ಕೇಳದಿದ್ದಾಗ ಯಾಕೆ ಕವುಚುತ್ತೀ ಮಾರಾಯ್ತಿ?”

ಅವಳು ಕಾಗದಗಳನ್ನು ಬದಿಗೆ ಸರಿಸಿದಳು. ಆಮೇಲೆ ಕೇಳಿದಳು, “ಧಣಿಯ ಬುಟ್ಟಿಯ ಅಡಿಯಲ್ಲಿ ಏನಿರ್ತಿತ್ತು ಅಮ್ಮ?”

“ಎಂತ ಇರ್ತದೆ. ನಿನ್ನೆಯದ್ದು, ಮೆತ್ತಗಾದದ್ದು.”

“ಅದನ್ನ ಯಾರು ತಿಂತಿದ್ರು?”

ನಾವು ತಿನ್ನುತ್ತಿದ್ದೆವು. ಮಾರಿದರೆ ಗಿರಾಕಿ ಮುಖಕ್ಕೆ ಎಸೆಯುತ್ತಿದ್ದ, ಆದ್ದರಿಂದ ನಮ್ಮ ಮನೆಯ ಸಾರಿಗೇ ಹಾಕುತ್ತಿದ್ದೆವು. ಹಾಗೆಂದೆ.

“ನಮ್ದೂ ಅದೇ” ಎಂದಳು. “ಅಡಿಯದು ನಮ್ಮ ಪಾಲು. ಕವುಚಿ ಅಂತ ಕೇಳ್ಬೇಕಾದ್ರೆ ಮೊದ್ಲು ನಾನು ಕವುಚಿರ್ಬೇಕಲ್ಲ. ಇಲ್ದಿದ್ರೆ ಅವ್ರು, ನಿಂದೆಲ್ಲಿ ತೋರ್ಸು ಅಂತಾರೆ.”

ಸಣ್ಣವರಿಗೆ ಹೆಚ್ಚು ಸಮಯ ಕೊಡಲಿ, ಸಹಾಯಕ್ಕೆ ಜನ ಕೊಡಲಿ, ಅದು ಬೇಕು; ಆದರೆ ಬಿಟ್ಟುಬಿಡುವುದು ಬೇಡ ಎಂಬುದು ಅವಳ ವಾದ. ದೊಡ್ಡವರು ಹೊಗೆಯ ಲೆಕ್ಕವನ್ನು ಎಲ್ಲರೂ ಪ್ರಶ್ನೆ ಕೇಳುವ ಹಾಗೆ ಇಡಲಿ. ಕೊಡುತ್ತೇವೆಂದ ಸಹಾಯವನ್ನು ನಿಜವಾಗಿ ಕೊಟ್ಟರೋ, ಹಳೆಯದ್ದಕ್ಕೇ ಹೊಸ ಹೆಸರು ಇಟ್ಟರೋ ಅದನ್ನೂ ತೋರಿಸಲಿ. ಇದನ್ನು ಬರಿಯ ಒಂದು ಸಾಲಾಗಿ ಸಭೆಯ ಕಾಗದಕ್ಕೆ ಹಾಕಿಸಬೇಕೆಂದು ದ್ವೀಪಗಳವರೆಲ್ಲ ಒಟ್ಟಾಗಿ ಹೊರಟಿದ್ದರು. ನನಗೆ ಅರ್ಧ ಅರ್ಥವಾಯಿತು. ಒಂದು ಸಾಲಿಗಾಗಿ ಓದು ಬಿಡುವುದು ಹುಚ್ಚು ಎಂದು ಆಗಲೂ ಹೇಳಿದೆ, ಈಗಲೂ ಹಾಗೇ ಅನಿಸುವುದುಂಟು.

ಅವಳು ಹೋದಳು. ರೈಲಿಗೆ ಹೊರಟಾಗ ಉಪ್ಪುಮೀನಿನ ಚಟ್ನಿ, ಗಂಜಿಗೆ ಕುಚ್ಚಲಕ್ಕಿ, ಅಳಿಯನ ಉಣ್ಣೆಯ ಕಾಲುಚೀಲ ಕಟ್ಟಿಕೊಟ್ಟೆ. ಅಳಿಯ ಒಂದು ವಾರ ಕಾಲುಚೀಲ ಹುಡುಕಿದ.

ಸಭೆ ಮುಗಿಸಿ ಬಂದವಳ ಕಣ್ಣು ಗುಳಿಬಿದ್ದಿತ್ತು. ಒಂದೇ ಹೊತ್ತಿಗೆ ಎಷ್ಟೋ ಕೋಣೆಗಳಲ್ಲಿ ಮಾತುಕತೆ, ದೊಡ್ಡ ದೇಶದವರು ಪ್ರತಿ ಕೋಣೆಗೆ ಜನ ಕಳಿಸುತ್ತಾರೆ, ಇವರು ಓಡಬೇಕು. ಒಂದು ಕೋಣೆಯಲ್ಲಿ ಇವಳು ತನ್ನ ವರದಿ ಎತ್ತಿ ತೋರಿಸಿ, ನಾವು ಇಟ್ಟಿದ್ದೇವೆ, ನಿಮ್ಮದನ್ನು ನಾವು ಪ್ರಶ್ನೆ ಕೇಳಬಹುದೇ ಎಂದು ಕೇಳಿದಳಂತೆ. ಕೇಳಿಸಿಕೊಂಡೆವು ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರಂತೆ.

“ಸಾಲು ಬಂತಾ?” ಎಂದೆ.

“ಅರ್ಧ ಬಂತು. ಬುಟ್ಟಿ ಕವುಚೋದು ಬೇಡ, ಬುಟ್ಟಿ ಬಗ್ಗೆ ಕೂತು ಮಾತಾಡೋಣ, ಧಣಿಯ ಮರ್ಯಾದೆಗೆ ಧಕ್ಕೆ ಬರ್ಬಾರ್ದು. ಅಂಥದ್ದೊಂದು ಸಾಲು.” ಹೇಳಿ ನಕ್ಕಳು. ನಾನೂ ನಕ್ಕೆ. ಇಬ್ಬರೂ ನಕ್ಕ ಸದ್ದಿಗೆ ಮಗು ಎದ್ದು ಅತ್ತಿತು.

ಪರಿಶೀಲನೆ ತಪ್ಪಿ ಓದು ಹೋಯಿತು. ವಿಶ್ವವಿದ್ಯಾಲಯದವರು ಕೆಟ್ಟವರಲ್ಲ, ಅವರದ್ದು ಅವರ ನಿಯಮ. ಹಿಮ ಕರಗುವ ಹೊತ್ತಿಗೆ ಅವಳು ಮನೆ ಖಾಲಿ ಮಾಡಿದಳು. ತಾಯಿಗೆ ಏನು ಹೇಳುತ್ತೀ ಎಂದು ಕೇಳಿದೆ. ಸಾಮಾನು ಕಟ್ಟುತ್ತಿದ್ದವಳು ತಿರುಗದೆ, “ಅವಳಿಗೆ ಹೇಳಿ ಆಯ್ತು. ಫೋನ್ ಇಟ್ಟುಬಿಟ್ಲು. ಮಾರನೇ ದಿನ, ಸಭೆಯವ್ರು ನಿಂಗೆ ಉತ್ತರ ಕೊಟ್ರಾ ಅಂತ ಕೇಳಿದ್ಲು” ಎಂದಳು. ಹೊರಡುವಾಗ ಈ ಡಬ್ಬಿ ಕೊಟ್ಟಳು. ತಾಯಿ ಕಳಿಸಿದ ಕೇದರ. ಚೂರಿಯಲ್ಲಿ ತೆಳ್ಳಗೆ ಹೆರೆದು ತೆಂಗಿನಕಾಯಿ, ಈರುಳ್ಳಿ, ನಿಂಬೆಹುಳಿ ಸೇರಿಸಬೇಕು ಎಂದಳು. ಸ್ವಲ್ಪ ಸ್ವಲ್ಪವೇ ಬಳಸಿದೆ, ಕೊನೆಯ ತುಂಡು ಕಪಾಟಿನಲ್ಲಿ ಉಳಿದುಹೋಯಿತು.

ಆಮೇಲೆ ಕೆಲವು ವರ್ಷ ಮಗಳ ಫೋನಿಗೆ ಅವಳ ಸುದ್ದಿ ಬರುತ್ತಿತ್ತು. ಇನ್ನೊಂದು ಸಭೆ, ಮತ್ತೊಂದು ಸಭೆ. ಈಗ ದೊಡ್ಡವರು ಸಣ್ಣವರು ಎಲ್ಲರೂ ಒಂದೇ ಚಾಪೆಯ ಮೇಲೆ ಬುಟ್ಟಿ ಕವುಚಬೇಕು, ಸಣ್ಣವರಿಗೆ ಸ್ವಲ್ಪ ಸಡಿಲ ಎಂದು ನಿಯಮ ಬಂದಿದೆಯಂತೆ. ಅಡಿಯವರೆಗೂ ಕವುಚುತ್ತಾರೋ ಇಲ್ಲವೋ, ನಾನು ನೋಡಿಲ್ಲ. ಮಧ್ಯೆ ಸುದ್ದಿ ನಿಂತಿತು... ಆಮೇಲೆ ಅವಳ ತಂಗಿ ಬರೆದಳು. ಕಾಯಿಲೆಯಂತೆ, ಹೆಚ್ಚು ದಿನ ನರಳಲಿಲ್ಲವಂತೆ. ತಾಯಿ ಇನ್ನೂ ಇದ್ದಾಳೆ. ನನಗಿಂತ ಚಿಕ್ಕವಳು ಹೋದಳು, ನಾನು ಇಲ್ಲಿ ಕೂತು ಪೆಟ್ಟಿಗೆ ಕಟ್ಟುತ್ತಿದ್ದೇನೆ.

ಡಬ್ಬಿಯನ್ನು ಮಗಳ ಕೈಯಿಂದ ತೆಗೆದುಕೊಂಡೆ. ಆ ತುಂಡಿನ ಮೇಲಿನ ಕಪ್ಪು ಕೆರೆದರೆ ಒಳಗೆ ಇನ್ನೂ ಕೆಂಪಿತ್ತು. ಹೆರೆದು ಬಾಣಲೆಗೆ ಹಾಕಿದೆ. ವಾಸನೆ ಎದ್ದಿತು. ಮಗಳು ಕಿಟಕಿ ತೆರೆಯಲು ಓಡಿದಳು. “ಅಮ್ಮ, ಮನೆ ಬಿಡೋ ಟೈಮಲ್ಲಿ ಇದೆಲ್ಲ ಬೇಕಿತ್ತಾ?” ಎನ್ನುತ್ತಲೇ ಇದ್ದಳು.

ಒಂದು ಚೀಟಿ ಬರೆದುಕೊಡು ಎಂದೆ. ಈ ವಾಸನೆ ನಮ್ಮ ಮನೆಯದು, ಮೀನಿನದು, ಸಂಜೆಗೆ ಹೋಗುತ್ತದೆ. ಕೆಳಗೆ ಬಾಗಿಲ ನಂಬರು.

“ಯಾರೂ ಕೇಳ್ಲೇ ಇಲ್ವಲ್ಲ ಅಮ್ಮ?”

“ನೀನು ಬರಿ.”

ಬರೆದಳು. ಮೆಟ್ಟಿಲ ಹತ್ತಿರದ ಗೋಡೆಗೆ ನಾನೇ ಅಂಟಿಸಿ ಬಂದೆ. ಎದುರು ಬಾಗಿಲಿನ ಮೇಲೆ ಈಗ ಬೇರೆ ಯಾರದೋ ಹೆಸರು. ನಮ್ಮ ಬಾಗಿಲನ್ನು ತೆರೆದೇ ಇಟ್ಟು ಚಟ್ನಿ ಅರೆದೆ. ಯಾರೂ ಬರಲಿಲ್ಲ. ಎರಡು ತಟ್ಟೆ ತೆಗೆದಿದ್ದೆ, ಬಳಸದೆ ಉಳಿದ ಒಂದನ್ನು ತೊಳೆಯದೆಯೇ ಪೆಟ್ಟಿಗೆಗೆ ಹಾಕಿದೆ.