ಅರಬೈಲಿನ ಬಿಳಿ ಕುದುರೆ

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಆರಾಮಾಗಿ ಬರೆಯಬಹುದು. ಅತ್ತೆಯ ಹಸು ಕಳೆದುಹೋದ ದಿನ ಘಟ್ಟದ ದೇವತೆ ಚೌಡಿಯ ಧ್ವನಿ ತೆಗೆದು ನುಡಿ ಕೊಟ್ಟವನು ನಾನು. ಚೌಡಿ ನನ್ನ ಮೈಮೇಲೆ ಬಂದಿರಲಿಲ್ಲ. ಆ ಕಾಲದಲ್ಲಿ ನನ್ನ ಮೈಮೇಲೆ ಬರುತ್ತಿದ್ದದ್ದು ಗೆಳೆಯನಿಂದ ಎರವಲು ತಂದ ಜೀನ್ಸ್ ಪ್ಯಾಂಟು ಮಾತ್ರ, ಅದೂ ಸೊಂಟದ ಹತ್ತಿರ ಬಂದು ನಿಂತುಬಿಡುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿರಸಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದಿನವಿಡೀ ಬೇರೆಯವರ ದನಿ ಕೇಳಿ ಕೇಳಿ ನನಗೂ ಬೇರೆಯವರ ದನಿ ಹತ್ತಿಕೊಂಡಿತ್ತು. ಬಸ್‌ಸ್ಟ್ಯಾಂಡಿನ ಮೈಕಿನವನು, ಏರು ಹತ್ತಲಾರದ ಸಿದ್ದಾಪುರದ ಬಸ್ಸು, ಸೀನು ಅರ್ಧಕ್ಕೆ ನಿಂತು ಬಾಯಿ ತೆರೆದುಕೊಂಡೇ ಇರುವ ನಮ್ಮ ಅಂಗಡಿ ಯಜಮಾನ, ಹುಡುಗಿಯರು ಕ್ಯಾಸೆಟ್ ಕೇಳಲು ಬಂದಾಗ ತೊದಲುವ ನಾನು, ಯಾರನ್ನೂ ಬಿಟ್ಟವನಲ್ಲ. ರಜೆ ಸಿಕ್ಕಾಗ ಅತ್ತೆಯ ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿ ಚಹಾ ಪುಕ್ಕಟೆ, ಕೇಳುವ ಜನ ಧಾರಾಳ.

ಅತ್ತೆ ನನ್ನಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಅರಬೈಲ್ ಘಟ್ಟದ ತಲೆಯ ಮೇಲೆ, ರಸ್ತೆಗೆ ತಾಗಿಯೇ ಇದ್ದ ಆ ಪುಟ್ಟ ಹೋಟೆಲನ್ನು ಒಬ್ಬಳೇ ನಡೆಸುತ್ತಿದ್ದಳು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಲಾರಿಗಳು ಅಲ್ಲಿ ನಿಂತು, ಬ್ರೇಕು ನೋಡಿಕೊಂಡು, ಚಹಾ ಕುಡಿದು, ರಸ್ತೆಯಾಚೆ ಮರದ ಬುಡದಲ್ಲಿದ್ದ ಚೌಡಿ ಕಲ್ಲಿಗೆ ಒಂದು ಕಾಯಿ ಒಡೆದು ಇಳಿಯುತ್ತಿದ್ದವು. ಚೌಡಿಗೆ ಗುಡಿ ಇರಲಿಲ್ಲ, ಮುಖವೂ ಇರಲಿಲ್ಲ. ಕುಂಕುಮ ಹಚ್ಚಿದ ಕಡೆ ಮುಖ ಎಂದುಕೊಳ್ಳಬೇಕು.

ಘಟ್ಟದ ಮೇಲಿನ ಈ ಜನರ ನಡುವೆ ವಿಚಿತ್ರಗಳು ದಿನಾ ನಡೆಯುತ್ತಿದ್ದವು. ಆದರೆ ಯಾರೂ ಕಣ್ಣರಳಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಸುಮ್ಮಸುಮ್ಮನೆ ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ಕಲಸಿದಳು. ಯಾರಿಗೆ ಎಂದರೆ, "ಗೊತ್ತಿಲ್ಲೆ, ಬತ್ತ ಯಾರಾದ್ರೂ" ಎಂದಳು. ಸ್ವಲ್ಪ ಹೊತ್ತಿಗೆ ಮದುವೆ ದಿಬ್ಬಣದ ಬಸ್ಸು ಸರಿಯಾಗಿ ಹೋಟೆಲಿನ ಎದುರು ಕೆಟ್ಟು ನಿಂತಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅತ್ತೆ, "ನಿಂತ್ಕಂಡು ಎಂತ ನೋಡ್ತೆ? ಬಾಳೆಲೆ ತಗಂಬಾ" ಎಂದು ಗದರಿದಳು. ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರದ ಈಚೆಗೆ, ಹೊರಗಿನಿಂದ ಸಂಶೋಧನೆಗೆಂದು ಬಂದವರೊಬ್ಬರು ಕಲ್ಲು, ಮರ, ಗಾಳಿಗಳಲ್ಲಿ ದೇವರನ್ನು ಇಟ್ಟುಕೊಂಡವರಿಗೆ ಪೇಗನ್ ಎನ್ನುತ್ತಾರೆ ಎಂದು ನನಗೆ ತಿಳಿಸಿದರು. ಅತ್ತೆಗೆ ಹೇಳಿದೆ. "ಔಷಧಿ ಇದ್ದಡನ ಅದಕ್ಕೆ?" ಎಂದು ಕೇಳಿದಳು.

ಈಗ ಹಸು. ಅದಕ್ಕೆ ಹೆಸರಿರಲಿಲ್ಲ, ಅತ್ತೆ 'ಕೂಸೆ' ಎನ್ನುತ್ತಿದ್ದಳು. ನಮ್ಮಲ್ಲಿ ಹೆಣ್ಣುಮಗುವನ್ನು ಹಾಗೆ ಕರೆಯುವುದು. ಹುಟ್ಟಿದ ದಿನವೇ ತಾಯಿ ಸತ್ತಿದ್ದರಿಂದ ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಹಳೇ ಸೀರೆ ಹೊದಿಸಿ ಸಾಕಿದ್ದಳು. ಈಗ ಅದಕ್ಕೆ ಚೊಚ್ಚಲು ಗಬ್ಬ, ತುಂಬಿದ ದಿನ. ಮೇಯಲು ಹೋದದ್ದು ಹಿಂದಿನ ಸಂಜೆ ಮರಳಿರಲಿಲ್ಲ. ಕಾಡಿನಲ್ಲಿ ಚಿರತೆ ಇದ್ದದ್ದು ಎಲ್ಲರಿಗೂ ಗೊತ್ತು. ಒಂದು ರಾತ್ರಿ ಕಳೆದಿತ್ತು. ಇನ್ನೊಂದು ರಾತ್ರಿ ಕಾಡಿನಲ್ಲಿ ಕಳೆದರೆ ಹಸುವೂ ಇಲ್ಲ, ಕರುವೂ ಇಲ್ಲ. ಮೇಲಿನ ಗುಡ್ಡವನ್ನೆಲ್ಲ ಹುಡುಕಿ ಬಂದ ಅತ್ತೆ, ಕಾಲಿಗೆ ಚುಚ್ಚಿದ ಮುಳ್ಳನ್ನೂ ತೆಗೆಯದೆ ಚಹಾ ಸೋಸುತ್ತ ನಿಂತಿದ್ದಳು. ಗಿರಾಕಿಗಳಿಗೆ ಸಕ್ಕರೆ ಹಾಕಲು ಮರೆಯುತ್ತಿದ್ದಳು. ಯಾರೂ ಕೇಳಲಿಲ್ಲ. ಲಾರಿಯವರು ಸಕ್ಕರೆಯಿಲ್ಲದ ಚಹಾ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದರು.

ಮಧ್ಯಾಹ್ನಕ್ಕೆ ಲೈನ್‌ಮನ್ ಬಂದ. ಆ ಭಾಗದ ಕರೆಂಟು ಕಂಬಗಳೆಲ್ಲ ಅವನವು, ಚೌಡಿ ಬರುವುದೂ ಅವನ ಮೇಲೆಯೇ. ಸಿದ್ದಾಪುರದ ಕಡೆಯವನು. ಕಟಿಂಗ್ ಪ್ಲೇಯರನ್ನು ಕಲ್ಲಿನ ಬದಿಗಿಟ್ಟು, ಮಿಂದು ಬಂದು, ಒದ್ದೆ ಪಂಚೆಯಲ್ಲಿ ಕಲ್ಲಿನ ಎದುರು ಕೂತ. ಅಡಿಕೆ ಹೂವಿನ ಹಿಂಗಾರ ಹಿಡಿದ ಅವನ ಕೈಯನ್ನೇ ಎಲ್ಲರೂ ನೋಡುತ್ತಿದ್ದರು. ದೇವರು ಬಂದರೆ ಮೊದಲು ನಡುಗುವುದು ಆ ಕೈ. ತುಂಬಾ ಹೊತ್ತು ಕೂತ. ನಡುಗಲಿಲ್ಲ. ಕೊನೆಗೆ ಎದ್ದು, ಹಿಂಗಾರವನ್ನು ಕಲ್ಲಿನ ಮೇಲಿಟ್ಟು ಬಂದ.

"ಅಮ್ಮಾ, ಇವತ್ತು ಬರ್ಲಿಲ್ಲ."

"ಇನ್ನೊಂಚೂರು ಕಾಯ್ಲಾಗದಾ?" ಅತ್ತೆಯ ದನಿ ಸಣ್ಣದಾಗಿತ್ತು.

"ಕಾಯಬೌದು. ಕಾಯ್ತಾ ಕಾಯ್ತಾ ನಾನೇ ಮಾತಾಡಿಬಿಟ್ರೆ? ನಿಮ್ ಹಸ ಎಲ್ಲೈತೆ ಅಂತ ನಂಗೆ ಗೊತ್ತಿಲ್ಲ."

ಸಕ್ಕರೆಯಿಲ್ಲದ ಚಹಾ ಕುಡಿದು, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಎಂದು ಬೈಕು ಹತ್ತಿ ಹೋದ. ಅವನ ಮೇಲೆ ನನಗೆ ಆ ದಿನ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅಷ್ಟು ಜನ ಕಾದು ನಿಂತಿರುವಾಗ 'ಬರಲಿಲ್ಲ' ಎನ್ನುವ ಧೈರ್ಯ ಇದ್ದವರನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ. ನನಗಂತೂ ಅದು ಇರಲಿಲ್ಲ. ಮುಂದೆ ನಡೆದದ್ದೇ ಅದಕ್ಕೆ ಸಾಕ್ಷಿ.

ಹೋಟೆಲಿನಲ್ಲಿ ಉಳಿದವರು ನಾನು ಮತ್ತು ಹುಬ್ಬಳ್ಳಿಯ ಒಬ್ಬ ಹಳೇ ಡ್ರೈವರು. ಅತ್ತೆ ಒಳಗಿದ್ದಳು. ಎಲ್ಲ ಮಂಕಾಗಿತ್ತು. ಮಂಕು ನನಗೆ ಆಗದು, ಮೈ ತುರಿಸುತ್ತದೆ. ಡ್ರೈವರಿಗೆ ಹೇಳಿದೆ, "ಅವನ ಮೇಲೆ ಬರದಿದ್ದರೆ ನನ್ನ ಮೇಲೆ ಬರ್ತಿತ್ತೇನೋ."

"ನಿನ್ನ ಮ್ಯಾಲೆ ದೇವರು ಬಂದ್ರ ದೇವರಿಗೇ ಮೈಲಿಗಿ ಆಗತೈತಿ ತಮ್ಮಾ," ಎಂದ ಡ್ರೈವರ್. "ಮಾಡಿ ತೋರಸು, ನೋಡೂಣು."

ಇಷ್ಟು ಸಾಕಾಯಿತು. ಬೆಂಚಿನ ಮೇಲೆ ಕೂತು ಕಣ್ಣು ಮೇಲೆ ಮಾಡಿದೆ. ಕೈ ನಡುಗಿಸಿದೆ. ಲೈನ್‌ಮನ್ನನ ಮೈಮೇಲೆ ಬಂದಾಗ ಹೊರಡುವ, ಹೆಣ್ಣಿನದೂ ಅಲ್ಲದ ಗಂಡಿನದೂ ಅಲ್ಲದ ಆ ಒರಟು ಹೂಂಕಾರವನ್ನು ಹೊಟ್ಟೆಯಿಂದ ಎಳೆದೆ. ಬಹಳ ಚೆನ್ನಾಗಿ ಬಂತು. ಡ್ರೈವರು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ನೋಡಿದರೆ ನನ್ನೆದುರು ಅತ್ತೆ ನಿಂತಿದ್ದಳು. ಕೈಯಲ್ಲಿ ಕುಂಕುಮದ ಬಟ್ಟಲು, ಕಣ್ಣಲ್ಲಿ ನೀರು.

"ತಾಯೀ, ನನ್ನ ಕೂಸು ಎಲ್ಲಿದ್ದು?"

ಆಗಲೇ ನಿಲ್ಲಿಸಬೇಕಿತ್ತು. 'ಅತ್ತೆ, ತಮಾಷೆ' ಎಂದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿ 'ತಮಾಷೆ' ಎನ್ನುವ ನಾಲಿಗೆ ನನ್ನ ಹತ್ತಿರ ಇರಲಿಲ್ಲ. ದೃಷ್ಟಿ ತಪ್ಪಿಸಿ ಅವಳ ಹಿಂದಿನ ಗೋಡೆ ನೋಡಿದೆ. ಅಲ್ಲಿ ಹುಬ್ಬಳ್ಳಿಯ ಟೈರು ಅಂಗಡಿಯೊಂದರ ಕ್ಯಾಲೆಂಡರು ನೇತಾಡುತ್ತಿತ್ತು. ಯಾವುದೋ ಶೀತದೇಶದ ಚಿತ್ರ. ಒಂದು ಕೆರೆ, ದಡದಲ್ಲಿ ಕೆಂಪು ಹೆಂಚಿನ ಮಾಡಿನ ಮನೆ, ಅದರ ಎದುರು ಒಂದು ಬಿಳಿ ಕುದುರೆ. ಗಾಬರಿಯಲ್ಲಿ ಅದನ್ನೇ ಓದಿಬಿಟ್ಟೆ.

"ನೀರಿನ ಬದಿಗೆ ಹುಡುಕು. ಕೆಂಪು ಮಾಡಿನ ಬುಡಕ್ಕೆ. ಬಿಳಿ ಕುದುರೆ ಕಾಯ್ತಾ ಐತೆ."

ಅರಬೈಲಿನ ಕಾಡಿನಲ್ಲಿ ಬಿಳಿ ಕುದುರೆ! ಆ ಹೊತ್ತಿಗೆ ಒಂಟೆ ಚಿತ್ರ ಇದ್ದಿದ್ದರೆ ಒಂಟೆ ಎನ್ನುತ್ತಿದ್ದೆ. ಅತ್ತೆ ನನ್ನ ಹಣೆಗೆ ಕುಂಕುಮ ಒತ್ತಿ, ಒಳಗೆ ಹೋಗಿ ಹಗ್ಗ ಹಿಡಿದುಕೊಂಡು ಬಂದಳು.

"ಅತ್ತೆ, ತಡೆಯೇ, ಆನು ಸುಮ್ನೆ..."

"ಮಾತಾಡಡ. ನಡೆ."

ರಸ್ತೆ ದಾಟಿ, ಘಟ್ಟ ಇಳಿಯುವ ಕಡೆಗೆ ಬಿರಬಿರನೆ ನಡೆದಳು. ನಾನು ಹಿಂದೆ, ಜಾಕಿನ ರಾಡು ಹಿಡಿದ ಡ್ರೈವರು ನನ್ನ ಹಿಂದೆ. ಬಿಸಿಲಿನ್ನೂ ಇತ್ತು, ಆದರೆ ಕಣಿವೆಯಲ್ಲಿ ನೆರಳು ಏರುತ್ತಿತ್ತು. ಮಂಡಿನೋವಿನ ಹೆಂಗಸನ್ನು ಟೈರು ಅಂಗಡಿಯ ಕ್ಯಾಲೆಂಡರು ನಂಬಿಸಿ ಇಳಿಜಾರಿಗೆ ಇಳಿಸುತ್ತಿದ್ದೇನೆ. ಅತ್ತ ಹಸು ಇನ್ನೆಲ್ಲೋ ಇರುತ್ತದೆ, ಇದ್ದೊಂದು ಸಂಜೆಯೂ ನನ್ನಿಂದ ಹಾಳು.

"ಅತ್ತೆ, ಎಲ್ಲಿಗೆ ಹೋಪದು?"

"ಹೇಳಿದವ ನೀನು, ನನ್ನ ಕೇಳ್ತೆ?"

ಒಂದು ತಿರುವಿನಲ್ಲಿ ರಸ್ತೆ ಬಿಟ್ಟು ಕೆಳಗಿಳಿದಳು. ಪೊದೆ ಹಿಡಿದು ಹಿಡಿದು ಇಳಿದೆವು. ಕೆಳಗೆ ಬೇಸಿಗೆಯಲ್ಲೂ ಬತ್ತದ ಸಣ್ಣ ಹಳ್ಳ. ಅದರ ದಡದಲ್ಲಿ, ಮರವೊಂದಕ್ಕೆ ಒರಗಿಕೊಂಡು, ಎಂದೋ ಉರುಳಿಬಿದ್ದ ಒಂದು ಲಾರಿ. ಗಾಜಿಲ್ಲ, ಗಾಲಿಯಿಲ್ಲ. ಕ್ಯಾಬಿನ್ನಿನ ತಲೆ ಕೆಂಪು. ಹಿಂದಿನ ಹಲಗೆಯ ಮೇಲೆ, ಅರ್ಧ ಬಣ್ಣ ಎದ್ದುಹೋಗಿದ್ದರೂ ಚೆನ್ನಾಗಿ ಕಾಣುವಂತೆ, ಕಾಲೆತ್ತಿ ಓಡುತ್ತಿರುವ ಒಂದು ಬಿಳಿ ಕುದುರೆ.

ಅದರ ನೆರಳಿನಲ್ಲಿ ಕೂಸು ನಿಂತಿತ್ತು. ಅದರ ಕಾಲ ಬುಡದಲ್ಲಿ ಇನ್ನೂ ಮೈ ಒಣಗದ ಕರು.

"ಯಪ್ಪಾ," ಎಂದ ಡ್ರೈವರ್. "ಈ ಗಾಡಿ ನನಗ ಗೊತ್ತೈತಿ. ಇದರ ಡ್ರೈವರ್ ಹಿಂದಿನ ದೀಪಾವಳಿಗೂ ಅಮ್ಮಾರ ಹೋಟೆಲಿನ್ಯಾಗ ಚಾ ಕುಡಿದಾನ. ಜೀವಕ್ಕೇನಾಗಿದ್ದಿಲ್ಲ."

ಅತ್ತೆ ಕಲ್ಲಿನ ಮೇಲೆ ಕುಸಿದು ಕೂತಳು. ಕೈ ಮುಗಿಯುತ್ತಾಳೆ ಅಂದುಕೊಂಡೆ. ಹಸುವನ್ನು ಬೈದಳು. "ಮನೆ ಇಲ್ಯನೇ ನಿಂಗೆ? ಆನು ಸತ್ತೋಗಿದ್ನನೇ? ಲಾರಿ ಬುಡಕ್ಕೆ ಬಂದು ಹೆರದನೇ?" ಬೈಯುತ್ತ ಬೈಯುತ್ತ ಅದರ ಕುತ್ತಿಗೆ ತಬ್ಬಿಕೊಂಡು ಅತ್ತಳು. ಡ್ರೈವರು ರಾಡು ನನ್ನ ಕೈಗೆ ಕೊಟ್ಟು ಕರುವನ್ನು ಹೆಗಲ ಮೇಲೆ ಹಾಕಿಕೊಂಡ. ಕತ್ತಲಾಗುವ ಮೊದಲೇ ಎಲ್ಲರೂ ಹೋಟೆಲಿನಲ್ಲಿದ್ದೆವು. ಆ ಸಂಜೆಯ ಚಹಾಕ್ಕೆ ಸಕ್ಕರೆ ಎರಡು ಪಾಲು ಬಿದ್ದಿತ್ತು.

ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಹೆರುವ ಹಸು ನೀರು, ನೆರಳು, ಮರೆ ಹುಡುಕುತ್ತದೆ, ಸರಿ. ಎಂದೂ ರಸ್ತೆ ದಾಟದ ಹಸು ಎಂದು ಆ ಕಡೆ ಯಾರೂ ಹುಡುಕಿರಲಿಲ್ಲ, ಅದೂ ಸರಿ. ನೀರು, ಕೆಂಪು, ಬಿಳಿ ಕುದುರೆ ಎಂದ ಕೂಡಲೇ ಅತ್ತೆಗೆ ಆ ಹಳೇ ಲಾರಿ ನೆನಪಾಗಿತ್ತು, ಅದೂ ಸರಿ. ಆದರೆ ಕುದುರೆ? ಆ ಲಾರಿಯನ್ನು ನಾನು ಬಸ್ಸಿನಿಂದ ನೋಡಿದ್ದೆನೇ? ಸಾಧ್ಯವೇ ಇಲ್ಲ. ಅರಬೈಲ್ ಘಟ್ಟದ ತಿರುವುಗಳಲ್ಲಿ ನನ್ನ ಕಣ್ಣು ಸದಾ ಮುಚ್ಚಿರುತ್ತದೆ. ತೆರೆದಿರುವುದು ಬಾಯಿ, ಅದೂ ಕಿಟಕಿಯ ಹೊರಗೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಬೆಂಚಿನೆದುರು ಮೂವರು ಲಾರಿಯವರು ಕಾಯಿ ಹಿಡಿದು ಕೂತಿದ್ದರು. ಹುಬ್ಬಳ್ಳಿಯ ಡ್ರೈವರು ಸುದ್ದಿ ಹಬ್ಬಿಸಿ ಘಟ್ಟ ಇಳಿದಿದ್ದ. ಒಬ್ಬನಿಗೆ ಮಗಳ ಮದುವೆ ಯಾವಾಗ ಎಂದು ತಿಳಿಯಬೇಕಿತ್ತು. ಕೇಳುವಾಗ ಅವನ ಮುಖವೂ ಅತ್ತೆಯ ಮುಖದಂತೆಯೇ ಇತ್ತು. ಕೆರೆ, ಮನೆ, ಕುದುರೆ ಬಿಟ್ಟರೆ ನನ್ನ ಹತ್ತಿರ ಸರಕು ಇರಲಿಲ್ಲ. ಅಷ್ಟರಲ್ಲಿ ಲೈನ್‌ಮನ್‌ನ ಬೈಕು ಬಂದು ನಿಂತಿತು. ನಾನು ಓಡಿಹೋಗಿ ಎಲ್ಲರೆದುರೇ ಹೇಳಿಬಿಟ್ಟೆ. ದೇವರಿಲ್ಲ ಗೀವರಿಲ್ಲ, ನಿನ್ನ ದನಿ ಕದ್ದು ಕ್ಯಾಲೆಂಡರು ನೋಡಿ ಹೇಳಿದ್ದು, ಸುಳ್ಳು.

ಅವನು ಬೈಯಲಿಲ್ಲ. ಕರುವಿನ ಬೆನ್ನು ಸವರಿ, ಡಾಕ್ಟರು ಕೇಳುವಂತೆ ಕೇಳಿದ.

"ಕೈ ನಡುಗ್ತಾ?"

"ಅತ್ತೆ ಎದುರಿಗೆ ಬಂದಮೇಲೆ ನಿಜವಾಗಿಯೂ ನಡುಗಿತು."

"ನಾಲಿಗೆ ಒಣಗ್ತಾ?"

"ಒಣಗಿತು. ಹೆದರಿಕೆಗೆ ಮಾರಾಯ!"

"ನಂಗೂ ಹೆದ್ರಿಕೆಗೇ ಒಣಗೋದು ತಮ್ಮಾ," ಎಂದು ನಕ್ಕ. ಕಾಯಿ ಹಿಡಿದು ಕೂತವರನ್ನು ಕಲ್ಲಿನ ಕಡೆ ಕಳಿಸಿದ. "ಅಲ್ಲಿ ಒಡೀರಿ. ಈ ಹುಡ್ಗನ ಲೈನು ಒಂದ್ಸಲ ಬಂದು ಹೋಗಿದ್ದು. ನಾನು ಕಂಬ ಹತ್ತಿದ್ರೂ ರಿಪೇರಿ ಆಗೂದಲ್ಲ."

ನಾನು ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅತ್ತೆಯ ನಂಬಿಕೆಯನ್ನು ಸುಳ್ಳಿನ ಮೇಲೆ ಕೂರಿಸಿದ್ದೇನಲ್ಲ ಎಂಬುದು ಒಳಗೆ ಕಚ್ಚುತ್ತಿತ್ತು. ಗೋಡೆಯಿಂದ ಕ್ಯಾಲೆಂಡರು ಕಿತ್ತು ತಂದು, ಗಿಣ್ಣದ ಹಾಲು ಕಾಯಿಸುತ್ತಿದ್ದ ಅವಳ ಮೂಗಿನೆದುರು ಹಿಡಿದೆ. "ನೋಡು ಅತ್ತೆ. ಕೆರೆ, ಕೆಂಪು ಮಾಡು, ಬಿಳಿ ಕುದುರೆ. ಇದನ್ನೇ ನೋಡಿ ಹೇಳ್ದಿ. ಆನು ಸುಳ್ಳು ಹೇಳಿದ್ದು."

ಅತ್ತೆ ಸೌಟು ನಿಲ್ಲಿಸಲಿಲ್ಲ. ಚಿತ್ರವನ್ನು ಓರೆಗಣ್ಣಲ್ಲಿ ನೋಡಿ, ನನ್ನನ್ನೂ ನೋಡಿ ಹೇಳಿದಳು:

"ಸುಳ್ಳು ಹೇಳಿದವ ನೀನೇ ಸೈ, ತಮಾ. ಆ ಗೋಡೆ ಬದಿಗೆ ನಿನ್ನ ಮೋರೆ ತಿರುಗ್ಸಿದ್ದು ಯಾರು?"