ಆಲ್ಬನ್‌ನ ಎಡಗಿವಿ

ಆಲ್ಬನ್ ಟೆಲೆಸ್‌ಫರ್ಡ್ ಡೆಲ್ಫೀನಾಳನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಜಾಯಿಕಾಯಿ ಮಂಡಿಯ ಎದುರಿನ ಚರಂಡಿಯಲ್ಲಿ ಕೂತುಕೊಂಡು. ಚರಂಡಿಯಲ್ಲಿದ್ದವನು ಆಲ್ಬನ್. ಡೆಲ್ಫೀನಾ ರಸ್ತೆಯ ಮೇಲೆಯೇ ನಿಂತಿದ್ದಳು.

ಆಗ ನವೆಂಬರ್ ತಿಂಗಳು. ಮೋರ್ನ್ ಫ್ಲೂರಿಯ ಇಳಿಜಾರುಗಳಲ್ಲಿ ಸೊರೆಲ್ ಗಿಡಗಳು ಪುಂಡಿಯ ಹಾಗೆ ಕೆಂಪಗೆ ಕಾಯಿ ಕಟ್ಟಿದ್ದವು. ಬೆಳಿಗ್ಗೆ ಮಂಡಿಯಲ್ಲಿ ಕಾಯಿ ಹರವಿ, ಬರಿಗಾಲಲ್ಲಿ ತಿರುವಿ, ಮೈಯೆಲ್ಲ ಜಾಪತ್ರೆ ಘಮಿಸಿಕೊಂಡು ಆಲ್ಬನ್ ಹೊರಗೆ ಬಂದ. ಬಾದಾಮಿ ಮರದ ಕೆಳಗೆ ಹೊಸ ಹೆಂಗಸೊಬ್ಬಳು ಇದ್ದಿಲ ಒಲೆಯ ಮೇಲೆ ನೀಲಿ ಪಾತ್ರೆ ಇಟ್ಟಿದ್ದಳು. ತಲೆಗೆ ಹಳದಿ ವಸ್ತ್ರ, ಕೈಯಲ್ಲಿ ಮರದ ಸೌಟು, ಹಲ್ಲಿನ ನಡುವೆ ಒಂದು ಲವಂಗ.

"ಗುಡ್ ಮಾರ್ನಿಂಗ್," ಎಂದ ಆಲ್ಬನ್. ಅದನ್ನು ಹೇಳದೆ ಆ ಊರಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಗುಡ್ ಮಾರ್ನಿಂಗ್, ಆಮೇಲೆ ಬೆಂಕಿ.

"ಗುಡ್ ಮಾರ್ನಿಂಗ್ ಸರ್. ಚಹಾ ಕೊಡ್ಲಾ? ನಮ್ಮ ಕಾರಿಯಾಕೂ ಕಡೆಯದು. ಸೊರೆಲ್ಲು, ಅನಾನಸ್ ಸಿಪ್ಪೆ, ಶುಂಠಿ, ಲವಂಗ. ಸ್ವಲ್ಪ ಹುಷಾರಾಗಿ ಕುಡೀರಿ."

ಆಲ್ಬನ್ ನಕ್ಕ. ಹುಟ್ಟಿದಾಗಿನಿಂದ ಸೊರೆಲ್ ಕುಡಿದ ನಾಲಿಗೆಗೆ ಪಕ್ಕದ ದ್ವೀಪದವಳು ಹುಷಾರು ಹೇಳುವುದೆ? ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದ. ಮೊದಲು ಹುಳಿ ಬಂದು ಎರಡೂ ದವಡೆಗಳನ್ನು ಹಿಡಿದು ಹಿಂಡಿತು. ಹಿಂದೆಯೇ ಶುಂಠಿ ಗಂಟಲಲ್ಲಿ ಕೊಳ್ಳಿ ಹಚ್ಚಿಕೊಂಡು ಇಳಿಯಿತು. ಕೊನೆಗೆ ಲವಂಗವೂ ಅನಾನಸೂ ಕೈಕೈ ಹಿಡಿದು ಮೂಗಿನ ಮೇಲಕ್ಕೆ ಹತ್ತಿದವು. ಆಲ್ಬನ್‌ನ ಕಣ್ಣಲ್ಲಿ ನೀರು ಬಂತು. ಎಡಗಿವಿ ಅಲ್ಲಾಡಿತು. ಜನ್ಮದಲ್ಲಿ ಎಂದೂ ಅಲ್ಲಾಡದ ಬಲಗಿವಿಯೂ ಅಲ್ಲಾಡಿತು. ಎರಡು ಕಿವಿಗಳ ಮೇಲೆ ನಿಂತಿದ್ದ ಟೋಪಿ ಹಾರಿತು. ಅದನ್ನು ಹಿಡಿಯಲು ಹಿಂದಕ್ಕೆ ಹೆಜ್ಜೆ ಇಟ್ಟವನು ಸೀದಾ ಚರಂಡಿಯೊಳಗೆ ಕೂತ.

"ಅಯ್ಯೋ ದೇವರೇ! ಕೊಂದ್ಬಿಟ್ನಾ?" ಎಂದು ಡೆಲ್ಫೀನಾ ಸೌಟು ಹಿಡಿದೇ ಓಡಿ ಬಂದಳು.

ಆಲ್ಬನ್ ಕೆಳಗಿನಿಂದ ಅವಳನ್ನು ನೋಡಿದ. ಶುಂಠಿ ಗಂಟಲು ಕಟ್ಟಿತ್ತು. ಶುಂಠಿಯಲ್ಲದ್ದೂ ಏನೋ ಕಟ್ಟಿತ್ತು. ಲೋಟ ಮಾತ್ರ ಕೈಯಲ್ಲಿ ನೆಟ್ಟಗೆ ನಿಂತಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

ಈ ಕಿವಿಯ ವಿಚಾರ ಇಲ್ಲಿ ಹೇಳಲೇಬೇಕು. ಮೋರ್ನ್ ಫ್ಲೂರಿಯಲ್ಲಿ ಕ್ರಿಸ್‌ಮಸ್ ಹಬ್ಬದ ಚಹಾಕ್ಕೆ ಬಾಯಿಬಿಟ್ಟು ಹೆಸರಿಡುವಂತಿಲ್ಲ. ಯಾರ ಮನೆಗೆ ಹೋದರೂ ಲೋಟ ಖಾಲಿ ಮಾಡಿ "ಚೆನ್ನಾಗಿದೆ" ಎನ್ನಬೇಕು. ಹಾಗಲ್ಲದೆ ಬೇರೆ ಹೇಳಿದವನ ಮನೆಗೆ ಮುಂದಿನ ಕ್ರಿಸ್‌ಮಸ್‌ವರೆಗೆ ಯಾರೂ ಕಾಲಿಡುವುದಿಲ್ಲ. ಎಲ್ಲರ ಚಹಾವೂ ಚೆನ್ನಾಗಿದ್ದ ಮೇಲೆ ಹಬ್ಬದ ಬೆಳಿಗ್ಗೆ ಪೂಜೆ ಮುಗಿದಾಗ ಯಾರ ಪಾತ್ರೆ ಮೊದಲು ತೆರೆಯಬೇಕು? ಈ ಜಗಳದಲ್ಲಿ ಹಿಂದೆ ಸೌಟುಗಳು ಮುರಿದದ್ದುಂಟು. ಅದಕ್ಕೆ ಊರು ಕಂಡುಕೊಂಡ ದಾರಿ ಆಲ್ಬನ್‌ನ ಎಡಗಿವಿ. ಹುಳಿ, ಖಾರ, ಘಮ ಮೂರೂ ಹದವಾಗಿ ಸೇರಿದರೆ ಅದು ತಾನಾಗಿ ಅಲ್ಲಾಡುತ್ತಿತ್ತು. ಅವನ ಅಪ್ಪನ ಕಿವಿಯೂ ಹಾಗೆಯೇ ಇತ್ತಂತೆ. ಹಬ್ಬದ ಹಿಂದಿನ ಭಾನುವಾರ ಚರ್ಚಿನ ಸಭಾಂಗಣದಲ್ಲಿ ಅವನು ಎಲ್ಲ ಪಾತ್ರೆಗಳ ಚಹಾವನ್ನೂ ಸವಿಯುತ್ತಿದ್ದ. ನಾಲಿಗೆ ಮೌನ, ಕಿವಿಯದೇ ತೀರ್ಪು. ಜಾಯಿಕಾಯಿಯನ್ನು ನೀರಿನ ತೊಟ್ಟಿಗೆ ಹಾಕಿ ಪರೀಕ್ಷೆ ಮಾಡುವ ಊರದು. "ಕಾಯಿ ಮುಳುಗಬೇಕು, ಕಿವಿ ಏಳಬೇಕು" ಎಂಬ ಗಾದೆಯೇ ಹುಟ್ಟಿತ್ತು.

ಚರಂಡಿಯಿಂದ ಎದ್ದ ಮೇಲೆ ಆಲ್ಬನ್ ದಿನವೂ ಬಾದಾಮಿ ಮರದ ಕೆಳಗೆ ಹಾಜರಾದ. ಆದರೆ ಎಂಥದೋ ಎಡವಟ್ಟಾಗಿತ್ತು. ಎರಡನೆಯ ಸಲದ ಚಹಾದಲ್ಲಿ ಶುಂಠಿ ಅಡಗಿ ಕೂತಿತ್ತು. ಮೂರನೆಯದರಲ್ಲಿ ಹುಳಿ ಊರು ಬಿಟ್ಟಿತ್ತು. ವಾರ ಕಳೆಯುವಷ್ಟರಲ್ಲಿ ಲೋಟದಲ್ಲಿದ್ದದ್ದು ಬಿಸಿ ಸಕ್ಕರೆ ನೀರಿಗೆ ಕೆಂಪು ಬಣ್ಣ. ಕಿವಿ ಕಲ್ಲಿನ ಹಾಗೆ ಕೂತಿರುತ್ತಿತ್ತು.

"ಹೇಗಿದೆ?" ಎಂದು ಡೆಲ್ಫೀನಾ ಕಾಳಜಿಯಿಂದ ಕೇಳುತ್ತಿದ್ದಳು.

"ಚೆನ್ನಾಗಿದೆ," ಎನ್ನುತ್ತಿದ್ದ ಆಲ್ಬನ್. ಬೇರೇನು ಹೇಳಲು ಸಾಧ್ಯ?

ಡಿಸೆಂಬರ್ ಬಂತು. ಒಂದು ದಿನ ಅವಳು ಪಾತ್ರೆ ಉಜ್ಜುತ್ತಾ ಹೇಳಿದಳು: "ನಮ್ಮಕ್ಕ ವಾಪಸ್ ಬಾ ಅಂತ ಪ್ರಾಣ ತಿಂತಿದಾಳೆ. ಭಾನುವಾರ ನಾನೂ ಒಂದು ಪಾತ್ರೆ ಇಡ್ತೀನಿ, ಮಿಸ್ಟರ್ ಆಲ್ಬನ್. ನಿಮ್ಮ ಕಿವಿ ಅಲ್ಲಾಡಿದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಈ ಊರಿಗೆ ನನ್ನ ಕೈರುಚಿ ಹಿಡಿಸಲಿಲ್ಲ ಅಂತ ಲೆಕ್ಕ. ಹಬ್ಬ ಆದ್ಮೇಲೆ ದೋಣಿ ಹತ್ತೋದೇ."

ಆಲ್ಬನ್‌ನಿಗೆ ಅನ್ನ ಸೇರದಾಯಿತು. ಅವನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಯೂಲಾಲಿಗೆ, ಅಂದರೆ ಊರಿನವರೆಲ್ಲರ ಟಾಂಟಿಗೆ, ಬ್ರೆಡ್‌ಫ್ರೂಟ್ ತಟ್ಟೆಯಲ್ಲೇ ಉಳಿದದ್ದನ್ನು ಕಂಡೊಡನೆ ವಿಷಯ ಗೊತ್ತಾಯಿತು.

"ಯಾರೋ ಅವಳು?"

"ಯಾರೂ ಇಲ್ಲ ಟಾಂಟಿ."

"ಹಳದಿ ತಲೆವಸ್ತ್ರದವಳಾ?"

"ಹೂಂ."

"ಹಂಗಿದ್ರೆ ಕಿವಿ ಅಲ್ಲಾಡಿಸಿಬಿಡು, ಮುಗೀತಲ್ಲ!"

"ಅದೇನು ನನ್ನ ಮಾತು ಕೇಳುತ್ತಾ ಟಾಂಟಿ? ಅವಳ ಚಹಾ ಕುಡಿದ್ರೆ ನಿದ್ದೆ ಬಂದಂಗೆ ಬಿದ್ದಿರುತ್ತೆ. ಮೊದಲನೇ ದಿನ ಕುಣಿದಿತ್ತು, ನಿಮ್ಮಾಣೆ."

ಟಾಂಟಿ ಪೈಪು ಕಚ್ಚಿಕೊಂಡು ಯೋಚಿಸಿದಳು. ಅವಳ ಗಂಡ ಬದುಕಿದ್ದಾಗ ಮೀನು ಹಿಡಿಯುತ್ತಿದ್ದ. ಎದ್ದು ಹೋಗಿ ಮೂಲೆಯಲ್ಲಿದ್ದ ಅವನ ಗಾಳದ ದಾರದ ಉರುಳೆ ತಂದಳು. ಬೆಳಕಿಗೆ ಹಿಡಿದರೂ ಕಾಣದಷ್ಟು ಸಣ್ಣ ದಾರ.

"ಟಾಂಟಿ, ಇದು ಮೋಸ."

"ಮೀನಿಗೆ ಗಾಳ ಹಾಕಿದ್ರೆ ಮೋಸ ಅಲ್ಲ, ಹೆಣ್ಣಿಗೆ ಹಾಕಿದ್ರೆ ಮೋಸನಾ? ಕೂತ್ಕೋ, ಕಿವಿ ತಾ."

ಆಲ್ಬನ್ ಕೂತ. ಒಳಗೊಳಗೇ ಅವನಿಗೆ ನಾಚಿಕೆ ಇತ್ತು. ಆ ಊರಲ್ಲಿ ಸುಳ್ಳು ಹೇಳದೆ ಇದ್ದ ಒಂದೇ ವಸ್ತು ಅವನ ಕಿವಿ. ಅದಕ್ಕೂ ಈಗ ಸುಳ್ಳು ಕಲಿಸುತ್ತಿದ್ದೇನಲ್ಲ ಎನಿಸಿತು. ಆದರೆ ದೋಣಿಯ ನೆನಪಾಯಿತು, ದೋಣಿಯಲ್ಲಿ ಹಳದಿ ವಸ್ತ್ರ ಸಣ್ಣದಾಗುತ್ತಾ ಹೋಗುವುದು ಕಂಡಿತು. ಅಳತೆ ನೋಡಲು ಸುಮ್ಮನೆ ಕಿವಿ ಕೊಟ್ಟ.

ಭಾನುವಾರ ಟಾಂಟಿ ದಾರದ ಕುಣಿಕೆಯನ್ನು ಅವನ ಎಡಗಿವಿಗೆ ಹಾಕಿ, ಕಾಲರಿನೊಳಗೆ ಇಳಿಸಿ, ಬೆನ್ನಿನ ಮೇಲಿಂದ ಅಂಗಿಯ ತೋಳಿನೊಳಗೆ ತಂದು ಹೆಬ್ಬೆರಳಿಗೆ ಕಟ್ಟಿದಳು. "ಬೆರಳು ಬಗ್ಗಿಸು," ಎಂದಳು. ಕಿವಿ ಅಲ್ಲಾಡಿತು. ಇಬ್ಬರೂ ಹಿರಿಹಿರಿ ಹಿಗ್ಗಿದರು. ದಾರ ಕಟ್ಟಿದ್ದು ಲೋಟ ಎತ್ತುವ ಬಲಗೈಗೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಉದ್ದ ಮೇಜಿನ ಮೇಲೆ ಪಾತ್ರೆಗಳು ಹಬೆಯಾಡುತ್ತಿದ್ದವು. ಒಂದು ತುದಿಯಲ್ಲಿ ಹಿಲ್ಡ್ರೆಡ್ ತನ್ನ ದೊಡ್ಡ ಪಾತ್ರೆಯ ಹಿಂದೆ ರಾಣಿಯ ಹಾಗೆ ನಿಂತಿದ್ದಳು; ಕೆಲವು ವರ್ಷಗಳಿಂದ ಮೊದಲ ಪಾತ್ರೆ ಅವಳದೇ. ಇನ್ನೊಂದು ತುದಿಯಲ್ಲಿ ಡೆಲ್ಫೀನಾ, ನೀಲಿ ಪಾತ್ರೆ.

ಫಾದರ್ ಬಂದು ಪ್ರೀತಿಯಿಂದ ಆಲ್ಬನ್‌ನ ಕೈ ಕುಲುಕಿದರು. ಕಿವಿ ಪಟಪಟನೆ ಅಲ್ಲಾಡಿತು.

"ನೋಡ್ರಪ್ಪಾ, ಇನ್ನೂ ಒಂದು ಹನಿ ಕುಡಿದಿಲ್ಲ!" ಎಂದು ಯಾರೋ ಕೂಗಿದರು.

"ಫಾದರ್ ಕೈಯಲ್ಲಿ ಶುಂಠಿ ಇರಬೇಕು!"

ಆಲ್ಬನ್ ಬೆವರಿದ. ಹಿಲ್ಡ್ರೆಡ್‌ಳ ಲೋಟ ಎತ್ತಿದ, ಕಿವಿ ಅಲ್ಲಾಡಿತು. ಅವಳು ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಳ್ಳುವವಳ ಹಾಗೆ ಭುಜ ಕುಣಿಸಿದಳು. ಎರಡನೆಯ ಪಾತ್ರೆ, ಅಲ್ಲಾಡಿತು. ಮೂರನೆಯವಳು ಅವಸರದಲ್ಲಿ ಲವಂಗವನ್ನೇ ಮರೆತಿದ್ದಳು, ಅದು ಊರಿಗೆಲ್ಲ ಗೊತ್ತಿತ್ತು, ಅದಕ್ಕೂ ಅಲ್ಲಾಡಿತು. ಜನ ಗುಸುಗುಸು ಶುರು ಮಾಡಿದರು. ಬಾಯಿ ಮುಕ್ಕಳಿಸಲು ಅವನು ನೀರಿನ ಲೋಟ ಎತ್ತಿದಾಗ ಕಿವಿ ಇನ್ನೂ ಜೋರಾಗಿ ಎದ್ದು ನಿಂತಿತು.

"ಏನೋ ಇದು ಆಲ್ಬನ್!" ಹಿಲ್ಡ್ರೆಡ್ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಚಹಾಕ್ಕೂ ಅಲ್ಲಾಡ್ತು, ನಲ್ಲಿ ನೀರಿಗೂ ಅಲ್ಲಾಡ್ತು! ನಾನು ಬೆಳಗಿನಿಂದ ಅನಾನಸ್ ಸಿಪ್ಪೆ ಸುಲಿದಿದ್ದು ನಲ್ಲಿ ಜೊತೆ ಪಂದ್ಯ ಕಟ್ಟೋಕಾ?"

ಟಾಂಟಿ ಹಿಂದಿನ ಬೆಂಚಿನಲ್ಲಿ ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದಳು.

ಕೊನೆಗೆ ನೀಲಿ ಪಾತ್ರೆ. ಡೆಲ್ಫೀನಾ ಲೋಟ ಕೊಟ್ಟಳು. ಇದೊಂದಕ್ಕಾದರೂ ಚೆನ್ನಾಗಿ ಅಲ್ಲಾಡಲಿ ಎಂದು ಆಲ್ಬನ್ ಲೋಟವನ್ನು ಎತ್ತರಕ್ಕೆ ಎತ್ತಿದ. ದಾರ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು. ಕಿವಿ ಏಳುವ ಬದಲು ಕೆಳಕ್ಕೆ ಬಂತು, ಕಿವಿಯ ಹಿಂದೆ ತಲೆ, ತಲೆಯ ಹಿಂದೆ ಆಲ್ಬನ್. ಕತ್ತು ಭುಜಕ್ಕೆ ಅಂಟಿಸಿಕೊಂಡು, ಲೋಟ ಮೇಲೆ ಹಿಡಿದು, ಅವನು ಒಂದೇ ಕಾಲ ಮೇಲೆ ಗಿರಗಿರನೆ ಸುತ್ತಿದ.

ಹಿಲ್ಡ್ರೆಡ್ ಮೇಜು ಬಳಸಿ ಬಂದು ಅವನ ಕಾಲರಿನೊಳಗೆ ಬೆರಳು ಹಾಕಿ ಎಳೆದಳು. ಗಾಳದ ದಾರ ಹೊರಗೆ ಬಂತು, ಕಿವಿಯೂ ಜೊತೆಗೆ ಬಂತು.

"ಅಮ್ಮಾ!"

"ಮೀನು ಸಿಕ್ತು ಕಣ್ರೋ!" ಎಂದು ಅವಳು ಕೂಗಿದಳು. ಸಭಾಂಗಣ ನಗೆಯಿಂದ ಬಿರಿಯಿತು. ಫಾದರ್ ಕೂಡ ಗೋಡೆಯ ಕಡೆ ತಿರುಗಿ ಭುಜ ಕುಲುಕಿಸುತ್ತಿದ್ದರು.

ಡೆಲ್ಫೀನಾ ಮಾತ್ರ ನಗಲಿಲ್ಲ. "ನನ್ನ ಚಹಾಕ್ಕೆ ದಾರ ಬೇಕಾಯ್ತಾ?" ಎಂದಳು. "ಅಷ್ಟು ಕೆಟ್ಟದಾಗಿತ್ತಾ?"

ಆಲ್ಬನ್‌ನ ಬಾಯಿಯ ತುದಿಗೆ "ಚೆನ್ನಾಗಿದೆ" ಬಂದು ನಿಂತಿತು. ಅಷ್ಟು ಹೇಳಿದ್ದರೆ ಊರಿನ ಮರ್ಯಾದೆ ಉಳಿಯುತ್ತಿತ್ತು, ಅವಳು ದೋಣಿ ಹತ್ತುತ್ತಿದ್ದಳು. ಅವನು ಅದನ್ನು ನುಂಗಿದ.

"ಕೆಟ್ಟದಾಗಿತ್ತು," ಎಂದ.

ಸಭಾಂಗಣದಲ್ಲಿ ನಗು ಹಾಗೇ ನಿಂತುಹೋಯಿತು. ಒಬ್ಬ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು.

"ಮೊದಲನೇ ದಿನದ ಚಹಾ ಎಲ್ಲಿ ಹೋಯ್ತು, ಡೆಲ್ಫೀನಾ? ಅಂಥದ್ದು ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಆಮೇಲಿನದೆಲ್ಲ ಪಾಯಸ. ನಿನ್ನ ಒಲೆ ಹತ್ರ ದಿನಾ ಬಂದಿದ್ದು ಚಹಾಕ್ಕಲ್ಲ. ಅಂಥ ಚಹಾನೂ ಕುಡಿದೆ ಅಂದ್ರೆ ಗೊತ್ತು ಮಾಡ್ಕೋ."

"ಮೊದಲನೇ ದಿನದ್ದಾ?" ಡೆಲ್ಫೀನಾಳ ಕಣ್ಣು ಅಗಲವಾಯಿತು. "ಅದನ್ನ ಕುಡಿದು ನೀನು ಅತ್ತೆ! ಟೋಪಿ ಹಾರಿತು! ಚರಂಡಿಗೆ ಬಿದ್ದೆ! ಒಳ್ಳೇ ಚಹಾಕ್ಕೆ ಎಡಗಿವಿ ಸ್ವಲ್ಪ ಅಲ್ಲಾಡುತ್ತೆ ಅಂತ ಊರೋರು ಹೇಳಿದ್ರು. ನೀನು ಪೂರಾ ಅಲ್ಲಾಡಿಹೋದೆ. ಪಾಪ, ಸೂಕ್ಷ್ಮ ಮನುಷ್ಯ, ತಡಕೊಳ್ಳಲ್ಲ ಅಂತ ದಿನಾ ಶುಂಠಿ ಕಮ್ಮಿ ಮಾಡ್ದೆ, ಸಕ್ಕರೆ ಜಾಸ್ತಿ ಮಾಡ್ದೆ. ನನಗೇ ಅದು ಗಂಟಲಲ್ಲಿ ಇಳೀತಿರಲಿಲ್ಲ, ಗೊತ್ತಾ? ನನಗೆ ಬೇರೆ ಮಾಡ್ಕೊಳ್ತಿದ್ದೆ!"

ಹಾಗೆಂದು ಚೀಲದಿಂದ ಫ್ಲಾಸ್ಕ್ ತೆಗೆದು, ಮುಚ್ಚಳಕ್ಕೆ ಸುರಿದು ಅವನ ಮುಂದೆ ಹಿಡಿದಳು. ಆಲ್ಬನ್ ಮೊದಲು ಹಿಂದೆ ನೋಡಿ ಬೆಂಚು ಇದೆಯೆಂದು ಖಾತ್ರಿ ಮಾಡಿಕೊಂಡ. ಕುಡಿದ. ಹುಳಿ ದವಡೆ ಹಿಂಡಿತು, ಶುಂಠಿ ಕೊಳ್ಳಿ ಹಚ್ಚಿತು, ಲವಂಗ ಮೂಗಿಗೆ ಹತ್ತಿತು. ದಾರ ಎಳೆದು ಸೊರೆಲ್ ಕಾಯಿಯ ಹಾಗೆ ಕೆಂಪಾಗಿದ್ದ ಎಡಗಿವಿ ಎದ್ದಿತು. ಬಲಗಿವಿ ಎದ್ದಿತು. ಎಲ್ಲರೂ ನೋಡುತ್ತಿದ್ದಂತೆ ಎರಡೂ ಗೂಡಿಗೆ ಮರಳಿದ ಹಕ್ಕಿಯ ರೆಕ್ಕೆಗಳಂತೆ ಬಡಿದವು. ಅವನು ಬೆಂಚಿನ ಮೇಲೆ ಕುಸಿದ.

ಹಿಲ್ಡ್ರೆಡ್ ಸುಮ್ಮನಿರುವವಳಲ್ಲ. "ಚೀಲದೊಳಗಿನ ಫ್ಲಾಸ್ಕು ಪಾತ್ರೆ ಅಲ್ಲ ಫಾದರ್. ಜೊತೆಗೆ ಈ ಮನುಷ್ಯ ಚಹಾ ನೋಡ್ತಿಲ್ಲ, ಚಹಾ ಮಾಡಿದವಳನ್ನ ನೋಡ್ತಿದಾನೆ!"

ಫಾದರ್ ಗಂಟಲು ಸರಿಮಾಡಿಕೊಂಡರು. "ಅದೂ ನ್ಯಾಯವೇ. ಆಲ್ಬನ್, ಒಂದು ಮನೆಯ ಚಹಾಕ್ಕೆ ಅದೇ ಮನೆಯ ಕಿವಿ ತೀರ್ಪು ಕೊಡೋ ಹಾಗಿಲ್ಲ. ಊರಿಗೆ ಕಿವಿ ಕೊಡ್ತೀಯೋ, ಅವಳಿಗೆ ಕೊಡ್ತೀಯೋ?"

ಆಲ್ಬನ್ ಡೆಲ್ಫೀನಾಳ ಕಡೆ ನೋಡಿದ.

"ನನ್ನನ್ನ ಏನು ನೋಡ್ತೀಯ?" ಎಂದಳು ಅವಳು. "ಕಿವಿ ನಿಂದು. ನಾನಂತೂ ಅಕ್ಕಂಗೆ ಬರಲ್ಲ ಅಂತ ಹೇಳ್ತೀನಿ."

"ಫಾದರ್," ಎಂದ ಆಲ್ಬನ್, "ಊರು ಬೇರೆ ಕಿವಿ ನೋಡ್ಕೊಳ್ಳಲಿ."

ಆ ಹಬ್ಬಕ್ಕೆ ಮೊದಲು ತೆರೆದದ್ದು ಹಿಲ್ಡ್ರೆಡ್‌ಳ ಪಾತ್ರೆಯೇ. ಆದರೆ ಮೊದಲು ಖಾಲಿಯಾದದ್ದು, ಹೊಸದಾಗಿ ಕುದಿಸಿ ತಂದ ನೀಲಿ ಪಾತ್ರೆ. ಮುಂದಿನ ಈಸ್ಟರ್ ಕಳೆದ ಮೇಲೆ ಅವರಿಬ್ಬರ ಮದುವೆಯಾಯಿತು. ಟಾಂಟಿ ಆ ಗಾಳದ ದಾರದಲ್ಲೇ ಹೂ ಕಟ್ಟಿ ಹಾರ ಮಾಡಿದಳು.

ಈಗ ಊರಿನ ಚಹಾ ಸವಿಯುವವನು ಹಿಲ್ಡ್ರೆಡ್‌ಳ ಅಳಿಯ; ಅಳಿಯ ಬೇರೆ ಮನೆಯವನು ಎಂಬುದು ಅವಳ ವಾದ. ಅವನ ಕಿವಿ ಅಲ್ಲಾಡುವುದಿಲ್ಲ, ಹದ ಸರಿಯಿದ್ದರೆ ಸೀನುತ್ತಾನೆ. ನೆಗಡಿಯಾದ ವರ್ಷ ಎಲ್ಲರೂ ಗೆಲ್ಲುತ್ತಾರೆ. ಆಲ್ಬನ್ ಬೆಳಿಗ್ಗೆ ಮಂಡಿಯಲ್ಲಿ ಜಾಯಿಕಾಯಿ ಒಣಗಿಸುತ್ತಾನೆ, ಮಧ್ಯಾಹ್ನ ಬಾದಾಮಿ ಮರದ ಕೆಳಗೆ ಹೆಂಡತಿಗೆ ಶುಂಠಿ ತುರಿದುಕೊಡುತ್ತಾನೆ.